ಪರೀಕ್ಷೆ ಬಂದಾಗಲೆಲ್ಲ ಹೊಟ್ಟೆ ಕೆಡುತ್ತದೆ: ಅನುಭವವಿದ್ದವರು ತಿಳಿಸಿ

ಕೇಳಿದವರು: ಕಾವೂರು, ಮಂಗಳೂರು

ಮಗಳು ಸಿಎ ಅಂತಿಮ ಪರೀಕ್ಷೆಗೆ ಓದುತ್ತಿದ್ದಾಳೆ. ಪರೀಕ್ಷೆ ಹತ್ತಿರವಾದಂತೆ ಹೊಟ್ಟೆ ನುಲಿತ, ಉಬ್ಬರ, ಬೆಳಗ್ಗೆ ಮತ್ತೆ ಮತ್ತೆ ಶೌಚಕ್ಕೆ ಹೋಗುವುದು ಶುರುವಾಗುತ್ತದೆ. ಮುಗಿದ ಮೇಲೆ ತಾನಾಗಿ ತಗ್ಗುತ್ತದೆ. ತಪಾಸಣೆಗಳಲ್ಲಿ ದೋಷ ಕಾಣದೆ ವೈದ್ಯರು ಐಬಿಎಸ್ (ಕರುಳು ಸುಲಭವಾಗಿ ಕೆರಳುವ ತೊಂದರೆ) ಎಂದಿದ್ದಾರೆ. ಮನೆಯ ಹಿರಿಯರು ಇದೆಲ್ಲ ಮನಸ್ಸಿನದು ಎನ್ನುತ್ತಾರೆ. ಔಷಧಿ ಅಂಗಡಿಯವರು ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳಿರುವ) ಕ್ಯಾಪ್ಸೂಲ್ ಕೊಡಿ ಎನ್ನುತ್ತಾರೆ. ಯಾವುದು ಸರಿ?

ಮಣಿಪಾಲ, ನಿವೃತ್ತ ಸೂಕ್ಷ್ಮಜೀವಶಾಸ್ತ್ರ ಅಧ್ಯಾಪಕ

ಇಬ್ಬರೂ ಅರ್ಧ ಸರಿ. ಒತ್ತಡ ಹೆಚ್ಚಾದಾಗ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಏರುತ್ತವೆ, ಕರುಳಿನ ಚಲನೆಯ ವೇಗ ಬದಲಾಗುತ್ತದೆ, ಕರುಳಿನ ಒಳಪದರದ ಬಿಗಿ ಸಡಿಲವಾಗಬಹುದು. ಹೀಗೆ ವಾಸದ ಜಾಗವೇ ಬದಲಾದಾಗ ಅಲ್ಲಿನ ಬ್ಯಾಕ್ಟೀರಿಯಾಗಳ ಪ್ರಮಾಣವೂ ಏರುಪೇರಾಗುತ್ತದೆ. ಆಸ್ಟ್ರೇಲಿಯಾದ ವಿದ್ಯಾರ್ಥಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಯ ವಾರ ಮಲದಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕಡಿಮೆಯಾಗಿದ್ದವು. ಆ ವಾರ ಮಕ್ಕಳ ಊಟ, ನಿದ್ರೆ ಎಲ್ಲವೂ ಅಡಿಮೇಲಾಗಿರುವುದರಿಂದ ಪೂರ್ತಿ ಹೊಣೆಯನ್ನು ಒತ್ತಡದ ತಲೆಗೇ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಎದುರು ದಿಕ್ಕಿನ, ಅಂದರೆ ಕರುಳಿನ ಬ್ಯಾಕ್ಟೀರಿಯಾಗಳು ಒತ್ತಡದ ಮೇಲೆ ಬೀರುವ ಪ್ರಭಾವದ ಮಾತು. ಮೈಯಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಅಲುಗಾಡದಂತೆ ಹಿಡಿದಿಟ್ಟಾಗ ಅವುಗಳ ಒತ್ತಡದ ಹಾರ್ಮೋನು ಸಾಮಾನ್ಯ ಇಲಿಗಳಿಗಿಂತ ಹೆಚ್ಚು ಏರುತ್ತದೆ ಎಂದು ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ತಂಡ 2004ರಲ್ಲಿ ತೋರಿಸಿತು. ಬಿಫಿಡೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಒಂದು ಜಾತಿಯನ್ನು ಕರುಳಿಗೆ ಸೇರಿಸಿದಾಗ ಆ ಅತಿರೇಕ ತಗ್ಗಿತು. 2011ರಲ್ಲಿ ಐರ್ಲೆಂಡಿನ ಕಾರ್ಕ್‌ನ ಸಂಶೋಧಕರು ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ತಿನ್ನಿಸಿದಾಗ ಇಲಿಗಳ ಆತಂಕ ಕಡಿಮೆಯಾಯಿತು, ಆದರೆ ಕರುಳನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರವನ್ನು ಕತ್ತರಿಸಿದ್ದ ಇಲಿಗಳಲ್ಲಿ ಏನೂ ಆಗಲಿಲ್ಲ. ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಅದೇ ತಳಿಯನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದ 2017ರ ವರದಿಯಲ್ಲಿ ಮಾತ್ರ ಒತ್ತಡ ತಗ್ಗಿದ ಲಕ್ಷಣ ಕಾಣಲಿಲ್ಲ. ಈ ಕೊನೆಯ ಸಂಗತಿ ಕ್ಯಾಪ್ಸೂಲಿನ ಜಾಹೀರಾತಿನಲ್ಲಿ ಇರುವುದಿಲ್ಲ.

ಅಮೆರಿಕದ ಜಠರ-ಕರುಳು ತಜ್ಞರ ಎರಡು ಸಂಘಗಳು 2020 ಮತ್ತು 2021ರ ಮಾರ್ಗಸೂಚಿಗಳಲ್ಲಿ ಐಬಿಎಸ್‌ಗೆ ಪ್ರೋಬಯಾಟಿಕ್‌ಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಶಿಫಾರಸು ಮಾಡಿಲ್ಲ. ಆದ್ದರಿಂದ ತಿಂಗಳುಗಟ್ಟಲೆ ಅದಕ್ಕೆ ಹಣ ಸುರಿಯಬೇಡಿ.

ಉಡುಪಿ, ಬ್ಯಾಂಕ್ ಉದ್ಯೋಗಿ

ನನಗೂ ಐಬಿಎಸ್ ಇದೆ. ಮಂಗಳೂರಿನ ಶಾಖೆಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುವಾಗ ಪಡುಬಿದ್ರಿ ದಾಟುವ ಮೊದಲೇ ಹೊಟ್ಟೆ ನುಲಿಯಲು ಶುರು. ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಆ ಬಸ್ಸನ್ನೇ ಬಿಡುತ್ತಿದ್ದೆ. ಎಲ್ಲಿ ಹೊಟ್ಟೆ ಕೈಕೊಡುತ್ತದೋ ಎಂಬ ಹೆದರಿಕೆಯೇ ಕರುಳನ್ನು ಇನ್ನಷ್ಟು ಕೆರಳಿಸುತ್ತದೆ ಎಂದು ವಿವರಿಸಿದವರು ಆಪ್ತಸಮಾಲೋಚಕರು. ವೈದ್ಯರೇ ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ ಕಳುಹಿಸಿದ್ದರು. ನಿಧಾನ ಉಸಿರಾಟದ ಅಭ್ಯಾಸವೂ ಅದರಲ್ಲಿ ಸೇರಿತ್ತು. ಜೊತೆಗೆ ಖಾಲಿ ಹೊಟ್ಟೆಯ ಕಾಫಿ ಬಿಟ್ಟೆ, ಇಸಬ್‌ಗೋಲ್ ತೆಗೆದುಕೊಂಡೆ, ಆಹಾರತಜ್ಞರ ಸಲಹೆಯಂತೆ ಈರುಳ್ಳಿ, ಬೆಳ್ಳುಳ್ಳಿಗಳನ್ನು ಕೆಲವು ವಾರ ನಿಲ್ಲಿಸಿ ಒಂದೊಂದಾಗಿ ಮರಳಿ ಸೇರಿಸಿದೆ. ನನ್ನ ಮಟ್ಟಿಗೆ ತೊಂದರೆ ಕೊಡುತ್ತಿದ್ದುದು ಈರುಳ್ಳಿ ಮಾತ್ರ. ಮಗಳಿಗೆ ಇದು ಮನಸ್ಸಿನ ರೋಗ ಎಂದು ಯಾರೂ ಹೇಳದಂತೆ ದಯವಿಟ್ಟು ನೋಡಿಕೊಳ್ಳಿ, ನೋವು ನಿಜವಾದದ್ದೇ.

ಕಾಪು, ಗೃಹಿಣಿ

ಅಕ್ಕ, ಮದ್ದಿನ ವಿಷಯ ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ತಿಮರೆ (ಒಂದೆಲಗ) ತಂಬುಳಿ, ಕಡೆಗೆ ಮಜ್ಜಿಗೆ. ಇಡ್ಲಿಯೂ ಹುದುಗಿಸಿದ್ದೇ ಅಲ್ಲವೇ, ಅದರಿಂದಲೂ ಒಳ್ಳೆಯ ಬ್ಯಾಕ್ಟೀರಿಯಾ ಸಿಗುತ್ತದಲ್ಲ?

ಮಣಿಪಾಲ, ಅಧ್ಯಾಪಕ

ಹಿಟ್ಟು ಉಬ್ಬುವುದು ಬ್ಯಾಕ್ಟೀರಿಯಾಗಳಿಂದಲೇ, ಆದರೆ ಹಬೆಯಲ್ಲಿ ಬೇಯುವಾಗ ಅವು ಬದುಕುವುದಿಲ್ಲ. ಕುದಿಸಿದ ಮಜ್ಜಿಗೆ ಹುಳಿಯ ಕಥೆಯೂ ಅಷ್ಟೇ. ತಂಬುಳಿಯಲ್ಲಿ ಮಜ್ಜಿಗೆಯನ್ನು ಕುದಿಸುವುದಿಲ್ಲವಾದ್ದರಿಂದ ಅವು ಜೀವಂತವಾಗಿ ಉಳಿಯುತ್ತವೆ. ಸ್ಟ್ಯಾನ್‌ಫರ್ಡ್‌ನ 2021ರ ಅಧ್ಯಯನದಲ್ಲಿ ಹತ್ತು ವಾರ ಮೊಸರು ಮುಂತಾದ ಹುದುಗಿಸಿದ ಆಹಾರವನ್ನು ಹೆಚ್ಚಾಗಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತ್ತು, ಉರಿಯೂತದ ಸೂಚಕಗಳು ಇಳಿದಿದ್ದವು. ಅದು ಒತ್ತಡದ ಮೇಲಿನ ಪ್ರಯೋಗವಲ್ಲ, ಭಾಗವಹಿಸಿದವರೂ ಕೆಲವೇ ಮಂದಿ. ಹಾಲು ಒಗ್ಗದವರಿಗೆ ಮಜ್ಜಿಗೆಯೂ ಉಬ್ಬರ ತರಬಹುದು. ಪರೀಕ್ಷೆಯ ವಾರವೇ ಹೊಸದಾಗಿ ಆರಂಭಿಸದೆ ಮೊದಲೇ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ.

ಮಂಗಳೂರು, ಶುಶ್ರೂಷಕಿ

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವಷ್ಟು ಭೇದಿ ಇವುಗಳಲ್ಲಿ ಒಂದು ಕಂಡರೂ ಐಬಿಎಸ್ ಎಂದು ಸುಮ್ಮನಿರದೆ ಮತ್ತೆ ವೈದ್ಯರಿಗೆ ತೋರಿಸಬೇಕು. ಭೇದಿಯಾದಾಗಲೆಲ್ಲ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ಕೊಡುವ ರೂಢಿ ಮನೆಯಲ್ಲಿದ್ದರೆ ಅದನ್ನೂ ನಿಲ್ಲಿಸಿ; ಕರುಳಿನ ಬ್ಯಾಕ್ಟೀರಿಯಾಗಳು ಮೊದಲಿನಂತಾಗಲು ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ.