ಮೂರು ಸಿಂಪಡಣೆ, ಆರು ತೋಟ, 360 ಹಣ್ಣು: ಅನೋವಾ ಹೆಂಗ ಮಾಡೋದು?

ಬಾಗಲಕೋಟೆಯಿಂದ ಪ್ರಶ್ನೆ: ದಾಳಿಂಬೆ ಮ್ಯಾಲೆ ಎಂ.ಎಸ್ಸಿ. ಪ್ರಯೋಗ. ಕೆನಾಲ್ ನೀರಿನ 3 ತೋಟ, ಬೋರ್ ನೀರಿನ 3 ತೋಟ. ಪ್ರತಿ ತೋಟದಾಗ ಬರೀ ನೀರು, ಬೋರಾನ್, ಬೋರಾನ್ ಜೋಡಿ ಸತು, ಹಿಂಗ ಒಂದೊಂದು ಸಿಂಪಡಣೆಗೆ 4 ಗಿಡ. ಗಿಡಕ್ಕ 5 ಹಣ್ಣಿನ ತೂಕ. 360 ಸಾಲು ಹಾಕಿ ಅನೋವಾ (ಗುಂಪುಗಳ ಸರಾಸರಿಯ ಫರಕು ಖರೇನೋ, ಆಕಸ್ಮಿಕವೋ ನೋಡೋ ಪರೀಕ್ಷೆ) ಮಾಡಿದ್ರ ಎಲ್ಲಾ ಸಿಗ್ನಿಫಿಕಂಟ್ (ಆಕಸ್ಮಿಕ ಅಲ್ಲ) ಅಂತ ಬರ್ತೈತಿ. ಗೈಡ್ ಒಪ್ಪವಲ್ಲರು. ಎಲ್ಲಿ ತಪ್ಪೈತ್ರಿ?

ವಿಜಯಪುರದಿಂದ: ಗೈಡ್ ಹೇಳೋದು ಖರೇ ಐತ್ರಿ. ಸಿಂಪಡಿಸಿದ್ದು ಗಿಡಕ್ಕ, ಹಣ್ಣಿಗಲ್ಲ. ಒಂದ ಗಿಡದ 5 ಹಣ್ಣು 5 ರೆಪ್ಲಿಕೇಶನ್ (ಸ್ವತಂತ್ರ ಪುನರಾವರ್ತನೆ) ಆಗಂಗಿಲ್ಲ. ಸಿಂಪಡಣೆ ಮೂರೂ ಎಲ್ಲಾ ತೋಟದಾಗ ಅದಾವ, ಅದು ಕ್ರಾಸ್ಡ್. ಒಂದು ತೋಟಕ್ಕ ಒಂದ ನಮೂನಿ ನೀರು, ಹಂಗಾಗಿ ತೋಟ ನೀರಿನೊಳಗ ನೆಸ್ಟೆಡ್. ಡಿಎಫ್ (ಡಿಗ್ರೀಸ್ ಆಫ್ ಫ್ರೀಡಮ್, ಅಂದ್ರ ಸ್ವತಂತ್ರ ಮಾಹಿತಿಯ ಎಣಿಕೆ) ಹಿಂಗ ಬರಬೇಕು: ನೀರು 1, ತೋಟ 4, ಸಿಂಪಡಣೆ 2, ನೀರು×ಸಿಂಪಡಣೆ (ನೀರಿನ ಪ್ರಕಾರ ಸಿಂಪಡಣೆಯ ಪರಿಣಾಮ ಬದಲಾಗೋದು) 2, ತೋಟ×ಸಿಂಪಡಣೆ 8, ಗಿಡ 54, ಹಣ್ಣು 288. ಕೂಡಿಸಿದ್ರ 359.

ನೀರಿನ ಎಫ್‌ಗೆ (ಎರಡು ಎಂಎಸ್ ಅನುಪಾತ) ಭಾಜಕ ತೋಟದ ಎಂಎಸ್ (ಮೀನ್ ಸ್ಕ್ವೇರ್, ಏರಿಳಿತವನ್ನ ಅದರ ಡಿಎಫ್ ಇಂದ ಭಾಗಿಸಿದ್ದು); 1 ಮತ್ತು 4 ಡಿಎಫ್‌ಗೆ ಶೇ. 5ರ ಟೇಬಲ್ ಬೆಲೆ 7.71, ಸಿಗ್ನಿಫಿಕಂಟ್ ಆಗಲಿಕ್ಕೆ ಎಫ್ ಇದನ್ನ ದಾಟಬೇಕು. ಸಿಂಪಡಣೆಗೆ ಭಾಜಕ ತೋಟ×ಸಿಂಪಡಣೆ. 2 ಮತ್ತು 8ಕ್ಕ 4.46. ನೀವು ಎಲ್ಲದಕ್ಕೂ ಹಣ್ಣಿನ ಎರರ್ ಹಾಕೀರಿ, ಅದಕ್ಕ ಎಲ್ಲಾ ಸಿಗ್ನಿಫಿಕಂಟ್ ಕಂಡಾವ. ಈ 6 ತೋಟದ ಮಾತಷ್ಟ ಹೇಳೋದಿದ್ರ ಗಿಡದ 54 ಡಿಎಫ್ ನಡೀತಿತ್ತು. ಜಿಲ್ಲೆಯ ರೈತರಿಗೆ ಶಿಫಾರಸು ಮಾಡೋದಿದ್ರ ತೋಟ×ಸಿಂಪಡಣೆಯ 8ನ್ನೇ ಹಿಡೀಬೇಕು. ಇನ್ನೊಂದು, ಕೆನಾಲ್ ತೋಟದ ಮಣ್ಣೂ ಬ್ಯಾರೆ ಇರ್ತೈತಿ; ಫರಕು ಬಂದ್ರ ಅದು ನೀರಿಂದ ಅಂತ ಬರೀಬ್ಯಾಡ್ರಿ.

ಬೆಳಗಾವಿಯಿಂದ: ಆರ್ (ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್) ಬಳಸ್ತಿದ್ರ ಮಿಕ್ಸ್ಡ್ ಮಾಡೆಲ್ (ಫಿಕ್ಸ್ಡ್, ರ‍್ಯಾಂಡಮ್ ಎರಡೂ ಇರೋದು) ಮಾಡಲಿಕ್ಕೆ ಎಲ್ಎಂಇ4 ಪ್ಯಾಕೇಜ್ ತಗೋರಿ. ಫಿಕ್ಸ್ಡ್ (ನಾವು ಹೋಲಿಸೋ ಅಂಶ) ಒಳಗ ನೀರು, ಸಿಂಪಡಣೆ, ಅವೆರಡರ ಇಂಟರ್‌ಆಕ್ಷನ್. ರ‍್ಯಾಂಡಮ್ (ಇಂಥವು ಎಷ್ಟೋ ಇರೋದ್ರಾಗ ನಾವು ಆರಿಸಿದ ಸ್ಯಾಂಪಲ್) ಒಳಗ ತೋಟ, ತೋಟ×ಸಿಂಪಡಣೆ, ಗಿಡ. ಹಣ್ಣು ತಾನಾಗೇ ರೆಸಿಡ್ಯುವಲ್ (ಉಳಿದ ಏರಿಳಿತ). ಪಿ ಬೆಲೆಗೆ ಎಲ್ಎಂಇಆರ್‌ಟೆಸ್ಟ್ ಹಚ್ಚಿ ಕೆನ್ವರ್ಡ್-ರೋಜರ್ (ಸಣ್ಣ ಸ್ಯಾಂಪಲ್ ಇದ್ದಾಗ ಡಿಎಫ್ ಅಂದಾಜಿಸೋ ವಿಧಾನ) ಡಿಎಫ್ ಆರಿಸ್ರಿ.

ಭಾಳ ಮಂದಿ ಎಡವೋದು ಲೇಬಲ್‌ನ್ಯಾಗ. ಕೆನಾಲ್‌ಗೂ 1, 2, 3, ಬೋರ್‌ಗೂ 1, 2, 3 ಅಂತ ಬರದ್ರ ಎರಡೂ ಕಡೆಯ 1 ಒಂದ ತೋಟ ಅಂತ ಸಾಫ್ಟ್‌ವೇರ್ ತಿಳೀತೈತಿ. ಕೆ1, ಬಿ1 ಅಂತ ಹೆಸರಿಡ್ರಿ. ಗಿಡಕ್ಕ ಕೆ1-ಸತು-3 ಇದ್ದಂಗ. ಸಮ್ಮರಿಯೊಳಗ ಗುಂಪಿನ ಎಣಿಕೆ ಬರ್ತೈತಿ: ತೋಟ 6, ತೋಟ×ಸಿಂಪಡಣೆ 18, ಗಿಡ 72 ಇರಬೇಕು. ಗಿಡ 4 ಅಂತ ಬಂದ್ರ ಅಲ್ಲೇ ನಿಂತು ಲೇಬಲ್ ತಿದ್ದರಿ. ‘ಸಿಂಗ್ಯುಲರ್’ ಅಂತ ಎಚ್ಚರಿಕೆ ಬಂದ್ರ ಯಾವುದೋ ವೇರಿಯನ್ಸ್ (ಏರಿಳಿತದ ಅಳತೆ) ಸೊನ್ನೆಗೆ ಇಳಿದೈತಿ ಅಂತರ್ಥ. ಪಿ ಬೆಲೆ ಚಂದ ಕಾಣಲಿ ಅಂತ ತೋಟ×ಸಿಂಪಡಣೆ ತಗೀಬ್ಯಾಡ್ರಿ.

ಬಾಗಲಕೋಟೆಯಿಂದ ಇನ್ನೊಬ್ಬರು: ಹಣ್ಣು ಒಂದೂ ಕಮ್ಮಿ ಇಲ್ಲಂದ್ರ 18 ಸರಾಸರಿ ತಗದು ಎಕ್ಸೆಲ್‌ನ್ಯಾಗೂ ತಾಳೆ ನೋಡಬಹುದು; ಎರರ್‌ನಿಂದ ನೀರು×ಸಿಂಪಡಣೆ ಬ್ಯಾರೆ ತಗದು 8 ಡಿಎಫ್ ಉಳಿಸಿದ್ರ ಸಿಂಪಡಣೆಯ ಎಫ್ ಅದ ಬರ್ತೈತಿ. ಹಣ್ಣು ಸೀಳಿ ಲೆಕ್ಕ ಏರುಪೇರಾಗಿದ್ರ ಮಿಕ್ಸ್ಡ್ ಮಾಡೆಲ್ಲೇ ಬೇಕು.

ಮುಂದಿನ ಬಹಾರಕ್ಕ (ಹೂ-ಹಣ್ಣಿನ ಹಂಗಾಮಿಗೆ) ಹಣ್ಣು ಹೆಚ್ಚು ತೂಗಬ್ಯಾಡ್ರಿ, ತೋಟ ಹೆಚ್ಚು ಮಾಡ್ರಿ. ತೋಟ×ಸಿಂಪಡಣೆ ವೇರಿಯನ್ಸ್ 4, ಗಿಡದ್ದು 6, ಹಣ್ಣಿಂದು 20 ಅಂತ ಹಿಡೀರಿ. ಸಿಂಪಡಣೆಗಳ ಹೋಲಿಕೆಯೊಳಗ ತೋಟದ ಸ್ವಂತ ಫರಕು ಕಳದು ಹೋಗ್ತೈತಿ. ಉಳಿದ ವೇರಿಯನ್ಸ್ ಒಂದು ಸಿಂಪಡಣೆಯ ಸರಾಸರಿಗೆ (6 ತೋಟ, 24 ಗಿಡ, 120 ಹಣ್ಣು) 4/6 + 6/24 + 20/120, ಅಂದ್ರ 1.08. ಗಿಡಕ್ಕ 10 ಹಣ್ಣು ತೂಗಿದ್ರ 1.00. ಹಣ್ಣು 5ನ್ನೇ ಇಟ್ಟು ತೋಟ 12 ಮಾಡಿದ್ರ 0.54; ಇದು ಕಮ್ಮಿ ಆದಷ್ಟೂ ಹೋಲಿಕೆ ನಿಖರ.