ಕಳಶ ಪುಟ್ಟಿಯ ಕೈಯಲ್ಲೇ ಇರಲಿ

ಅಣ್ಣ, ಅತ್ತಿಗೆ, ಗ್ರೂಪಿನಲ್ಲಿರುವ ಎಲ್ಲರಿಗೂ. ಟೈಪ್ ಮಾಡೋಣ ಅಂತ ಕೂತೆ, ಆಗಲಿಲ್ಲ. ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಕೈ ಕೆಲಸ ಮುಗಿಸಿಕೊಂಡು ಕೇಳಿ, ಆದರೆ ಪೂರ್ತಿ ಕೇಳಿ.

ನಿನ್ನೆ ರಾತ್ರಿ ಅತ್ತಿಗೆ ಹಾಕಿದ್ದನ್ನು ಓದಿದೆ. ನಮ್ಮ ಮನೆಯ ಹುಡುಗನ ಮದುವೆಗೆ ಇನ್ನು ಹನ್ನೆರಡೇ ದಿನ. ಪುಟ್ಟಿಯ ಬೆರಳುಗಳ ಮೇಲೆ ತೊನ್ನಿನ ಬಿಳಿ ಕಲೆ ಜಾಸ್ತಿಯಾಗಿದೆ, ಕಣ್ಣಿನ ಪಕ್ಕವೂ ಬಂದಿದೆ. ಕಳಶಗಿತ್ತಿಯಾಗಿ ಬೇರೆ ಮಗುವನ್ನು ನಿಲ್ಲಿಸೋಣ, ಪುಟ್ಟಿಗೆ ತುಂಬು ತೋಳಿನ ರವಿಕೆ ಹಾಕಿಸಿ ಹಿಂದೆ ಕೂರಿಸೋಣ, ಹುಡುಗಿ ಕಡೆಯವರು ನೋಡಿ ಏನಾದರೂ ಅಂದುಕೊಂಡರೆ ಕಷ್ಟ. ಇಷ್ಟು ಬರೆದಿದ್ದಿರಿ. ಅದರ ಕೆಳಗೆ ಒಂಬತ್ತು ಜನ ಸರಿ ಅಂತ ಹೆಬ್ಬೆರಳು ಒತ್ತಿದ್ದೀರಿ.

ಪುಟ್ಟಿ ಅದನ್ನು ಅವಳಮ್ಮನ ಫೋನಿನಲ್ಲಿ ಓದಿದ್ದಾಳೆ. ಇದು ನಿಮಗ್ಯಾರಿಗೂ ಗೊತ್ತಿಲ್ಲ. ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಿದಳು. ಅಳಲಿಲ್ಲ. ಒಂದೇ ಮಾತು ಕೇಳಿದಳು: "ಅತ್ತೆ, ನಿಮ್ಮನ್ನೂ ಹೀಗೆ ಹಿಂದೆ ಕೂರಿಸ್ತಿದ್ರಾ?"

ಹನ್ನೆರಡು ವರ್ಷದ ಮಗುವಿಗೆ ಸುಳ್ಳು ಹೇಳೋಕೆ ನಾಲಿಗೆ ಏಳಲಿಲ್ಲ. ಹೌದು ಪುಟ್ಟಿ ಅಂದೆ.

ಅತ್ತಿಗೆ, ನಿಮ್ಮ ಮದುವೆಯ ಆಲ್ಬಂ ಬೀರುವಿನಲ್ಲಿ ಇದೆಯಲ್ಲ, ಒಮ್ಮೆ ತೆಗೆದು ನೋಡಿ. 1991ರ ಮದುವೆ. ಮದುಮಗನಿಗೆ ನಾನೊಬ್ಬಳೇ ತಂಗಿ. ಒಂದು ಫೋಟೋದಲ್ಲಿಯೂ ನಾನಿಲ್ಲ. ಆಗ ನನಗೆ ಹತ್ತೊಂಬತ್ತು. ಹಿಂದಿನ ವರ್ಷ ಕೆಳತುಟಿಯ ಮೇಲೆ ಅಕ್ಕಿ ಕಾಳಿನಷ್ಟು ಬೆಳ್ಳಗಾಗಿತ್ತು. ಅಷ್ಟರಲ್ಲಿ ಬೆರಳ ತುದಿಗಳಿಗೂ ಬಂದಿತ್ತು. ಕಳಶ ಹಿಡಿಯಬೇಕಾದವಳು ನಾನು. ಅದಕ್ಕೆ ಅಂತಲೇ ಹಸಿರು ರೇಷ್ಮೆ ಸೀರೆಯೂ ಬಂದಿತ್ತು. ಹಿಂದಿನ ರಾತ್ರಿ ಅಮ್ಮ ಬಂದು ಪಕ್ಕದಲ್ಲಿ ಕೂತಳು. "ನಾಳೆ ನಿನ್ನ ನೋಡೋಕೆ ಬರೋರು ಇಲ್ಲೇ ಎಲ್ಲೋ ಕೂತಿರ್ತಾರೆ ಕಣೆ, ನಾಲ್ಕು ಜನರ ಕಣ್ಣಿಗೆ ಬೀಳಬೇಡ" ಅಂದಳು. ಬೆಳಿಗ್ಗೆಯಿಂದ ಉಗ್ರಾಣದಲ್ಲಿ ಕೂತು ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆಯ ಲೆಕ್ಕ ಬರೆದೆ. ಗಟ್ಟಿಮೇಳ ಕೇಳಿಸಿದಾಗ ತಡೆಯಲಾರದೆ ಬಾಗಿಲವರೆಗೆ ಬಂದೆ. ಸೋದರತ್ತೆ ಕಣ್ಣಿನಲ್ಲೇ ಒಳಗೆ ಹೋಗು ಅಂದರು. ಅಣ್ಣ, ನಿನ್ನ ಧಾರೆಯನ್ನು ನಾನು ನೋಡಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅತ್ತಿಗೆ ಆವತ್ತು ಮದುಮಗಳು, ಅವರಿಗೆ ಇದೇನೂ ಗೊತ್ತಿರಲಿಲ್ಲ. ಅಮ್ಮನೂ ಕೆಟ್ಟವಳಲ್ಲ. ನನ್ನ ಮೇಲಿನ ಪ್ರೀತಿಗೇ ಹಾಗೆ ಮಾಡಿದಳು, ನೀವು ಈಗ ಮಾಡುತ್ತಿರುವ ಹಾಗೆ. ಆದರೆ ಹೊರಗಿನವರು ಮಾಡಿದ್ದು ನನಗೆ ಇಷ್ಟು ಆಳಕ್ಕೆ ಇಳಿಯಲಿಲ್ಲ. ಅಂಗಡಿಯವರು ಚಿಲ್ಲರೆಯನ್ನು ಕೈಗೆ ಕೊಡದೆ ಗಲ್ಲಾದ ಮೇಲೆ ಇಡುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು ಸೆರಗನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಅರಿಶಿನ ಕುಂಕುಮಕ್ಕೆ ಕರೆದವರು ತಾಂಬೂಲವನ್ನು ನನ್ನ ಮುಂದೆ ಚಾಪೆಯ ಮೇಲೆ ಇಡುತ್ತಿದ್ದರು. ಅವರಿಗೆಲ್ಲ ಗೊತ್ತಿಲ್ಲ ಅಂದುಕೊಂಡು ಮನೆಗೆ ಬರುತ್ತಿದ್ದೆ. ಮನೆಯಲ್ಲೇ ಮರೆ ಮಾಡಿದಾಗ ಮಾತ್ರ, ಅವರು ಮಾಡುವುದೇ ಸರಿಯೇನೋ ಅನ್ನಿಸಿಬಿಡುತ್ತಿತ್ತು.

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರುತ್ತೇನೆ. ಇದು ಅಂಟುತ್ತದಾ ಅಂತ ಕೇಳಿದ್ದೀರಿ. ಇಲ್ಲ ಚಿಕ್ಕಪ್ಪ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಇಲ್ಲ. ನಮ್ಮ ಯಜಮಾನರೇ ಸಾಕ್ಷಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನುವ ವಸ್ತುವನ್ನು ಮಾಡುವ ಜೀವಕೋಶಗಳಿರುತ್ತವೆ. ರೋಗದ ಜೊತೆ ಹೋರಾಡಬೇಕಾದ ನಮ್ಮ ಮೈಯ ಶಕ್ತಿಯೇ ತಪ್ಪಾಗಿ ಆ ಕೋಶಗಳ ಮೇಲೆ ಬೀಳುತ್ತದೆ. ಅವು ಸತ್ತ ಜಾಗ ಬೆಳ್ಳಗಾಗುತ್ತದೆ. ಅಷ್ಟೇ. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇದೆ. ಅರ್ಧದಷ್ಟು ಜನರಿಗೆ ಇಪ್ಪತ್ತು ತುಂಬುವುದರೊಳಗೇ ಶುರುವಾಗುತ್ತದೆ. ಹೆಚ್ಚಿನವರ ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಇಬ್ಬರಿಗೆ ಬಂತು, ಆಯಿತು. ಅದಕ್ಕೆ ಪುಟ್ಟಿಯಮ್ಮನನ್ನು ಯಾರೂ ಏನೂ ಅನ್ನಬೇಡಿ. ಬಸುರಿಯಲ್ಲಿ ಅದು ತಿಂದಳು, ಇದು ತಿಂದಳು ಅಂತ ಯಾರೋ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ.

ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಅನ್ನುವುದೂ ಸುಳ್ಳು. ನನಗೆ ಎರಡು ವರ್ಷ ಹುಣಸೆಹಣ್ಣು ಬಿಡಿಸಿದರು, ನಿಂಬೆಹಣ್ಣು ಬಿಡಿಸಿದರು. ಸಾರೇ ಇಲ್ಲದ ಅನ್ನ ಉಂಡೆ. ಒಂದು ಕಲೆಯೂ ಹೋಗಲಿಲ್ಲ, ತೂಕ ಮಾತ್ರ ಇಳಿಯಿತು. ಪುಟ್ಟಿಗೆ ದಯವಿಟ್ಟು ಊಟ ಕಟ್ಟುಮಾಡಬೇಡಿ.

ಇನ್ನೊಂದು ವಿಷಯ. ಹಿರಿಯರು ಇದನ್ನು ಬಿಳಿ ಕುಷ್ಠ ಅನ್ನುತ್ತಿದ್ದರು. ಆ ಹೆಸರೇ ನಮಗೆ ಜಾಸ್ತಿ ಕೆಟ್ಟದ್ದು ಮಾಡಿದೆ. ಕುಷ್ಠ ಒಂದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಅದರ ಮಚ್ಚೆಯ ಮೇಲೆ ಮುಟ್ಟಿದ್ದು ಸರಿಯಾಗಿ ಗೊತ್ತಾಗುವುದಿಲ್ಲ. ತೊನ್ನಿನಲ್ಲಿ ಹಾಗಿಲ್ಲ. ಸೊಳ್ಳೆ ಕೂತರೂ ನನಗೆ ಗೊತ್ತಾಗುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ. ಹಾಗಂತ ಕುಷ್ಠ ಬಂದವರನ್ನು ದೂರ ಇಡಿ ಅಂತಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಕೊಡುತ್ತಾರೆ, ಪೂರ್ತಿ ವಾಸಿಯಾಗುತ್ತದೆ. ಕುಷ್ಠ ಇದೆ ಅನ್ನುವ ಕಾರಣಕ್ಕೆ ವಿಚ್ಛೇದನ ಕೇಳಬಹುದು ಅಂತ ಕಾನೂನಿನಲ್ಲಿ ಇದ್ದದ್ದನ್ನು 2019ರಲ್ಲಿ ತೆಗೆದೇ ಹಾಕಿದರು.

ಸಣ್ಣತ್ತೆ ಒಂದು ಎಣ್ಣೆಯ ಜಾಹೀರಾತು ಕಳಿಸಿದ್ದೀರಿ, ಮೂರು ತಿಂಗಳಲ್ಲಿ ಗ್ಯಾರಂಟಿ ಅಂತ. ನಿಮ್ಮ ಕಾಳಜಿ ಗೊತ್ತು. ನನಗೂ ಹೀಗೇ ಒಬ್ಬರು ಹೇಳಿದರು ಅಂತ ಬಾವಂಚಿ ಬೀಜ ಅರೆದು ಹಚ್ಚಿ ಅಂಗಳದ ಬಿಸಿಲಿನಲ್ಲಿ ಕೂರಿಸಿದರು. ಬಾವಂಚಿಯಲ್ಲಿ ಚರ್ಮಕ್ಕೆ ಬಿಸಿಲು ತಾಳದ ಹಾಗೆ ಮಾಡುವ ಅಂಶ ನಿಜವಾಗಿಯೂ ಇದೆ. ಅದೇ ಅಂಶದ ಮಾತ್ರೆ ಕೊಟ್ಟು, ಅಳತೆ ಮಾಡಿದ ಬೆಳಕು ಬಿಟ್ಟು ಡಾಕ್ಟರುಗಳೂ ಚಿಕಿತ್ಸೆ ಮಾಡುತ್ತಿದ್ದರು. ಆದರೆ ಅಂಗಳದಲ್ಲಿ ಅಳತೆ ಎಲ್ಲಿ? ಬೆರಳೆಲ್ಲ ಬೊಬ್ಬೆ ಬಂದು, ಹದಿನೈದು ದಿನ ಪೆನ್ನು ಹಿಡಿಯಲು ಆಗಲಿಲ್ಲ. ಆ ವರ್ಷದ ಡಿಗ್ರಿ ಪರೀಕ್ಷೆಯಲ್ಲಿ ಎರಡು ಪೇಪರ್ ಹೋಯಿತು. ಪುಟ್ಟಿಯನ್ನು ಚರ್ಮದ ಡಾಕ್ಟರಿಗೇ ತೋರಿಸಲಿ. ಈಗ ಹಚ್ಚುವ ಮುಲಾಮು ಇವೆ, ಬೆಳಕಿನ ಚಿಕಿತ್ಸೆ ಇದೆ. ವಾರಕ್ಕೆ ಎರಡು ಮೂರು ಸಲ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಖದ ಮೇಲಿನದು ಬೇಗ ಬಣ್ಣಕ್ಕೆ ಬರುತ್ತದೆ, ಬೆರಳ ತುದಿಯದು ಮೊಂಡು. ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಲಿ. ತೊನ್ನು ಇರುವವರಲ್ಲಿ ಅದರ ತೊಂದರೆ ಸ್ವಲ್ಪ ಹೆಚ್ಚು. ನನಗೆ ನಲವತ್ತರಲ್ಲಿ ಗೊತ್ತಾಯಿತು.

ನೋಡಿದವರು ಏನಂದುಕೊಳ್ಳುತ್ತಾರೆ ಅನ್ನುವುದೇ ಅತ್ತಿಗೆಯ ಭಯ. ಅದು ಸುಮ್ನೆ ಬಂದ ಭಯವಲ್ಲ, ನನಗೆ ಗೊತ್ತು. ಜನ ಅಂದುಕೊಳ್ಳುತ್ತಾರೆ. ನನ್ನನ್ನು ಏಳು ಕಡೆಯವರು ನೋಡಿ ಹೋದರು. ಒಬ್ಬರು ಕಾಫಿ ಲೋಟ ಮುಟ್ಟಲೇ ಇಲ್ಲ. ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಹೋದಾಗ, ಪಾಠ ಚೆನ್ನಾಗಿ ಮಾಡುತ್ತೀರಿ, ಆದರೆ ಮಕ್ಕಳು ಹೆದರಬಹುದು ಅಂದರು. ಸರ್ಕಾರಿ ಕೆಲಸ ಸಿಕ್ಕಿದ್ದು ಹೇಗೆ ಹೇಳಿ? ಆ ಪಟ್ಟಿಯಲ್ಲಿ ಅಂಕ ಮಾತ್ರ ಇತ್ತು, ನನ್ನ ಮುಖ ಇರಲಿಲ್ಲ. ಅಲ್ಲಿಯೂ ಕೆಲವು ತಂದೆತಾಯಿ ಬಂದು ಮಗುವನ್ನು ಬೇರೆ ತರಗತಿಗೆ ಹಾಕಿ ಅಂತ ಕೇಳಿದರು.

2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೂ ಬಿಸಿಯೂಟ ಬಂತು. ಒಂದು ದಿನ ಅಡುಗೆಯವರು ಒಬ್ಬರೇ ಇದ್ದರು ಅಂತ ನಾನು ಸೌಟು ಹಿಡಿದು ನಿಂತೆ. ಸಾಲಿನಲ್ಲಿದ್ದ ದೊಡ್ಡ ಮಕ್ಕಳು ಹಿಂದೆ ಸರಿದರು. ಮನೆಯಲ್ಲಿ ಹೇಳಿ ಕಳಿಸಿದ್ದರಂತೆ. ನನ್ನ ಕೈ ನಡುಗುತ್ತಿತ್ತು. ಆಗ ಹೆಡ್‌ಮಾಸ್ಟರು ಆಫೀಸಿನಿಂದ ಎದ್ದು ಬಂದರು. ಏನೂ ಮಾತಾಡಲಿಲ್ಲ. ಒಂದು ತಟ್ಟೆ ತೆಗೆದುಕೊಂಡು ಸಾಲಿನ ಮುಂದೆ ನಿಂತು "ಹಾಕಿ ಮೇಡಂ" ಅಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಎಲ್ಲ ಮಕ್ಕಳ ಎದುರಿಗೆ ಉಂಡು, ಇನ್ನೊಂದು ಸಲ ಹಾಕಿಸಿಕೊಂಡರು. ಅವರ ಹಿಂದೆ ಒಂದನೇ ತರಗತಿಯ ಚಿಕ್ಕದೊಂದು ತಟ್ಟೆ ಚಾಚಿತು. ಆಮೇಲೆ ಎಲ್ಲರೂ ಬಂದರು. ಮರುದಿನದಿಂದ ಯಾರೂ ಸರಿಯಲಿಲ್ಲ. ಆ ಮನುಷ್ಯ ಭಾಷಣ ಮಾಡಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತ ಇವತ್ತಿಗೂ ನನಗೆ ಅನ್ನಿಸುತ್ತದೆ. ದೊಡ್ಡವರೊಬ್ಬರು ಎಲ್ಲರ ಕಣ್ಣ ಮುಂದೆ ನನ್ನ ಕೈಯಿಂದ ತೆಗೆದುಕೊಂಡರು, ಮಕ್ಕಳು ಅದನ್ನು ನೋಡಿದರು.

ಅಣ್ಣ, ಆವತ್ತು ಅವರು ನಿಂತ ಜಾಗದಲ್ಲಿ ಈ ಮದುವೆಯಲ್ಲಿ ನೀನಿದ್ದೀಯ. ಹುಡುಗಿ ಕಡೆಯ ಮುನ್ನೂರು ಜನ ಬರುತ್ತಾರೆ. ಪುಟ್ಟಿಯನ್ನು ಹೇಗೆ ನೋಡಬೇಕು ಅನ್ನುವುದನ್ನು ಅವರು ನಮ್ಮನ್ನು ನೋಡಿಯೇ ತಿಳಿದುಕೊಳ್ಳುತ್ತಾರೆ. ನಾವು ಹಿಂದೆ ಕೂರಿಸಿದರೆ ಇದು ಮುಚ್ಚಿಡುವ ವಿಷಯ ಅಂತ ಅವರಿಗೂ ಗೊತ್ತಾಗುತ್ತದೆ. ಬೀಗರ ಮನೆಯವರಿಗೆ ಮೊದಲೇ ತಿಳಿಸಬೇಕು ಅಂದರೆ ನಾನೇ ಫೋನ್ ಮಾಡುತ್ತೇನೆ. ಇದು ಹೀಗೆ, ಅಂಟುವುದಿಲ್ಲ, ಮಗು ಕಳಶ ಹಿಡಿಯುತ್ತದೆ ಅಂತ ಮೂರು ವಾಕ್ಯದಲ್ಲಿ ಹೇಳುತ್ತೇನೆ. ನಮ್ಮ ಮನೆಗೆ ಬರುವ ಸೊಸೆಗೂ ಇದು ಗೊತ್ತಿರಲಿ. ನಾಳೆ ಅವಳು ನನ್ನ ಕೈಯಿಂದಲೂ ಕುಂಕುಮ ತೆಗೆದುಕೊಳ್ಳಬೇಕಲ್ವಾ?

ಮೇಕಪ್ ಬಗ್ಗೆಯೂ ಕೇಳಿದ್ದಿರಿ. ಕಲೆ ಮುಚ್ಚುವ ಕ್ರೀಮ್ ಇವೆ, ನನ್ನ ಹತ್ತಿರವೂ ಇದೆ, ಕೆಲವು ದಿನ ಹಚ್ಚುತ್ತೇನೆ. ಪುಟ್ಟಿಗೆ ಬೇಕು ಅನ್ನಿಸಿದರೆ ಹಚ್ಚಿಕೊಳ್ಳಲಿ, ಬೇಡ ಅಂದರೆ ಬಿಡಲಿ. ಅವಳನ್ನು ಕೇಳಿ. ತೋಳಿನ ಅಳತೆಯನ್ನೂ ಅವಳೇ ಹೇಳಲಿ. ನಿನ್ನೆಯಿಂದ ಇಷ್ಟು ಜನ ಮಾತಾಡಿದ್ದೇವೆ, ಅವಳನ್ನು ಮಾತ್ರ ಯಾರೂ ಕೇಳಿಲ್ಲ.

ಮತ್ತೆ ಮೂರು ಸಣ್ಣ ಮಾತು, ಪುಟ್ಟಿಯಮ್ಮ ಬರೆದುಕೊಳ್ಳಲಿ. ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಬೇಡ, ಚರ್ಮ ಉಜ್ಜಿದ ಕಡೆ, ಗಾಯವಾದ ಕಡೆ ಹೊಸ ಕಲೆ ಬರಬಹುದು. ಸ್ಟಿಕ್ಕರ್ ಬೊಟ್ಟು ಅಂಟಿಸಬೇಡ, ಕೆಲವು ಬೊಟ್ಟಿನ ಅಂಟಿನಲ್ಲಿರುವ ರಾಸಾಯನಿಕದಿಂದಲೇ ಹಣೆ ಬೆಳ್ಳಗಾಗುವುದುಂಟು. ಮನೆಯ ಕುಂಕುಮ ಇಡು. ಬಿಳಿ ಜಾಗಕ್ಕೆ ಬಿಸಿಲು ಬೇಗ ಸುಡುತ್ತದೆ, ದಿಬ್ಬಣ ಇಳಿಸುವಾಗ ಮಗುವನ್ನು ನೆರಳಿನಲ್ಲಿ ನಿಲ್ಲಿಸು.

ಶುಕ್ರವಾರ ಶಾಲೆ ಮುಗಿಸಿ ತಿಪಟೂರಿನಿಂದ ಸಂಜೆಯ ರೈಲಿಗೆ ಬರುತ್ತೇನೆ. ಪುಟ್ಟಿಗೆ ಹೇಳಿ, ಕಳಶ ನೋಡಿದಷ್ಟು ಹಗುರವಲ್ಲ, ನೀರು ತುಂಬಿ ಕಾಯಿ ಇಟ್ಟರೆ ಕೈ ಸೋಲುತ್ತದೆ. ಎರಡು ದಿನ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡಿಸುತ್ತೇನೆ. ಕಾಯಿಯನ್ನು ನಮ್ಮ ತೋಟದಿಂದಲೇ ಆರಿಸಿ ತರುತ್ತೇನೆ. 1991ರ ಆ ಹಸಿರು ಸೀರೆಯೂ ಇದೆ, ಅದನ್ನೂ ತರುತ್ತೇನೆ. ಲಂಗ ಹೊಲಿಸುವಷ್ಟು ಗಟ್ಟಿಯಾಗಿದೆ. ಟೈಲರಿಗೆ ಇವತ್ತೇ ಹೇಳಿಡಿ.