ಪ್ರಶ್ನೋತ್ತರ: ಓದುಗರು ಮೆಚ್ಚದ ನಾಯಕನನ್ನು ಕಾದಂಬರಿಯುದ್ದಕ್ಕೂ ನಡೆಸುವುದು ಹೇಗೆ?

ಪ್ರಶ್ನೆ (ರಾಯಚೂರಿನ ಸದಸ್ಯರು): ನಾನು ಬರೆಯುತ್ತಿರುವ ಸೈಬರ್‌ಪಂಕ್ (ಕಂಪ್ಯೂಟರ್ ತಂತ್ರಜ್ಞಾನ ಆಳುವ ಕರಾಳ ಭವಿಷ್ಯದ ಕತೆ ಹೇಳುವ ಪ್ರಕಾರ) ಕಾದಂಬರಿ 2070ರ ರಾಯಚೂರಿನಲ್ಲಿ ನಡೆಯುತ್ತದೆ. ಪಡಿತರ, ಔಷಧಿ, ಕುಡಿಯುವ ನೀರು ಎಲ್ಲಕ್ಕೂ ಹೆಬ್ಬೆಟ್ಟು ಒತ್ತಲೇಬೇಕಾದ ಕಾಲವದು. ನಾಯಕ ಕೂಲಿಕಾರರ ಬೆರಳಚ್ಚು ಕದ್ದು, ಅದರಿಂದ ಕೃತಕ ಬೆರಳು ತಯಾರಿಸಿ ಮಾರುವವನು. ಅವನಿಗೆ ಕರುಣೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಹಸ್ತಪ್ರತಿ ಓದಿದ ಗೆಳೆಯರು ಮೂರನೆಯ ಅಧ್ಯಾಯಕ್ಕೇ ನಿಲ್ಲಿಸಿ, ‘ಇಂಥವನ ಕತೆ ನಮಗ್ಯಾಕೆ?’ ಎಂದು ಕೇಳಿದರು. ಅವನಿಗೊಂದು ದುಃಖದ ಬಾಲ್ಯವನ್ನು ಸೇರಿಸಲೇ?

ಉತ್ತರ (ಸಂಪಾದಕರು): ದಯವಿಟ್ಟು ಸೇರಿಸಬೇಡಿ. ಆ ಬಾಲ್ಯ ಅವನ ಪರವಾಗಿ ನೀವು ಬರೆದುಕೊಟ್ಟ ಕ್ಷಮಾಪಣೆ ಪತ್ರವಾಗುತ್ತದೆ, ಅದನ್ನು ಓದುಗರು ತಕ್ಷಣ ಗುರುತಿಸುತ್ತಾರೆ. ನಿಮ್ಮ ಗೆಳೆಯರು ಪುಸ್ತಕ ಕೆಳಗಿಟ್ಟದ್ದು ಅವನು ಕೆಟ್ಟವನೆಂಬ ಕಾರಣಕ್ಕಲ್ಲ, ಮೂರು ಅಧ್ಯಾಯ ಕಳೆದರೂ ಅವನಿಗೆ ಏನು ಬೇಕೆಂಬುದು ತಿಳಿಯದ ಕಾರಣಕ್ಕೆ ಎಂದು ನನಗನಿಸುತ್ತದೆ. ವಿಲಿಯಂ ಗಿಬ್ಸನ್ ಅವರ 1984ರ ‘ನ್ಯೂರೋಮ್ಯಾನ್ಸರ್’ನಲ್ಲಿ ನಾಯಕ ಕೇಸ್ ತನ್ನ ಧಣಿಗಳಿಂದಲೇ ಕದ್ದವನು, ಅವರು ಅವನ ನರಮಂಡಲಕ್ಕೆ ವಿಷವುಣಿಸಿ, ಅವನು ಮತ್ತೆಂದೂ ಸೈಬರ್‌ಸ್ಪೇಸ್, ಅಂದರೆ ಕಂಪ್ಯೂಟರ್ ಜಾಲದೊಳಗಿನ ಲೋಕ, ಪ್ರವೇಶಿಸದಂತೆ ಮಾಡುತ್ತಾರೆ. ಅವನನ್ನು ಇಷ್ಟಪಡದವರೂ ಆ ಲೋಕಕ್ಕೆ ಮರಳಬೇಕೆಂಬ ಅವನ ಹಸಿವಿನ ಹಿಂದೆ ಪುಟ ತಿರುಗಿಸುತ್ತಾರೆ. ನಿಮ್ಮವನಿಗೆ ಬೇಕಾದದ್ದು ದುಡ್ಡು ಎಂದಷ್ಟೇ ಹೇಳಿದರೆ ಸಾಲದು, ಆ ದುಡ್ಡಿನಿಂದ ಅವನು ಏನನ್ನು ಪಡೆಯಲು ಹೊರಟಿದ್ದಾನೆಂಬುದು ಮೊದಲ ಇಪ್ಪತ್ತು ಪುಟಗಳಲ್ಲೇ ಕಾಣಬೇಕು.

ಎರಡನೆಯದಾಗಿ, ಅವನ ಕಸುಬನ್ನು ಹತ್ತಿರದಿಂದ ತೋರಿಸಿ. ದುಡಿದು ದುಡಿದು ಬೆರಳಿನ ಗೆರೆ ಸವೆದವರನ್ನು ಪಡಿತರ ಅಂಗಡಿಯ ಯಂತ್ರ ಗುರುತಿಸದೆ ವಾಪಸ್ ಕಳಿಸುವುದು ಇವತ್ತಿನ ಸಂಗತಿಯೇ. ಹತ್ತಿ ಬಿಡಿಸುವ ಹೆಂಗಸೊಬ್ಬಳು ಹೆಬ್ಬೆರಳನ್ನು ಸೆರಗಿಗೆ ಒರೆಸಿ, ಒಣಗಿದ ಚರ್ಮಕ್ಕೆ ತುಸು ನೀರು ಹಚ್ಚಿ ಮತ್ತೆ ಒತ್ತುತ್ತಾಳೆ, ಯಂತ್ರ ಒಪ್ಪುವುದಿಲ್ಲ, ತೋರುಬೆರಳೂ ಆಗುವುದಿಲ್ಲ, ಕೊನೆಗೆ ಉಂಗುರದ ಬೆರಳಿಗೆ ಹಸಿರು ದೀಪ ಹತ್ತುತ್ತದೆ. ಸರದಿಯಲ್ಲಿ ಅವಳ ಹಿಂದೆ ನಿಂತ ನಿಮ್ಮ ನಾಯಕ ಯಾವ ಬೆರಳು ಕೆಲಸ ಮಾಡಿತೆಂದು ಗುರುತಿಟ್ಟುಕೊಳ್ಳಲಿ. ಅವನ ಜಾಣತನ, ಅವನ ನಿರ್ದಯತೆ ಎರಡೂ ಅಷ್ಟರಲ್ಲೇ ಬಂದುಬಿಡುತ್ತವೆ.

ಮುಂದಿನ ತಿಂಗಳು ‘ನಿಮ್ಮ ಪಡಿತರ ಈಗಾಗಲೇ ವಿತರಣೆಯಾಗಿದೆ’ ಎಂದು ಯಂತ್ರ ಹೇಳಿದಾಗ ಆ ಹೆಂಗಸು ಅತ್ತು ಮರೆಯಾಗಿ ಹೋಗಬಾರದು. ಅವಳಿಗೊಂದು ಹೆಸರಿರಲಿ, ಸಿಟ್ಟಿರಲಿ, ಅಂಗಡಿಯವನೊಂದಿಗೆ ಜಗಳವಾಡುವ ಬಾಯಿರಲಿ. ಕತ್ತಲೆಯ ಕಾದಂಬರಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ: ನಾಯಕನ ಕ್ರೌರ್ಯಕ್ಕೆ ಎಷ್ಟೋ ಪುಟಗಳು ಸಿಗುತ್ತವೆ, ಅದನ್ನು ಉಂಡವರಿಗೆ ಒಂದು ಸಾಲೂ ಸಿಗುವುದಿಲ್ಲ.

ಪ್ರಶ್ನೆ (ಕೊಪ್ಪಳದ ಸದಸ್ಯರು): ಇಂಥ ಕತೆಯನ್ನು ಉತ್ತಮ ಪುರುಷದಲ್ಲಿ ಬರೆಯಬಹುದೇ?

ಉತ್ತರ: ಬರೆಯಬಹುದು, ಆದರೆ ‘ನಾನು’ ಎಂದು ಮಾತಾಡುವವನು ತನ್ನ ವಕಾಲತ್ತನ್ನು ತಾನೇ ವಹಿಸಿಕೊಳ್ಳುತ್ತಾನೆ. ಅವನು ಸುಳ್ಳು ಹೇಳಲಿ, ಆ ಸುಳ್ಳನ್ನು ಘಟನೆಗಳು ಬಯಲು ಮಾಡಲಿ. ಅಷ್ಟು ಹಿಡಿತ ಕಷ್ಟವೆನಿಸಿದರೆ ‘ಅವನು’ ಎಂದು ಕತೆ ಹೇಳುವ ಪ್ರಥಮ ಪುರುಷವೇ ಕ್ಷೇಮ.

ಪ್ರಶ್ನೆ (ರಾಯಚೂರಿನ ಸದಸ್ಯರು): ಈ ಪ್ರಕಾರದಲ್ಲಿ ಮಳೆ ಮತ್ತು ನಿಯಾನ್ ದೀಪಗಳ ರಾತ್ರಿ ಇರಲೇಬೇಕೆನ್ನುತ್ತಾರೆ. ನಮ್ಮದೋ ಬಿಸಿಲ ನಾಡು. ಇನ್ನೊಂದು ಸಂದೇಹ: ಕೊನೆಯಲ್ಲಿ ಅವನಿಗೆ ಶಿಕ್ಷೆಯಾಗಬೇಕೇ?

ಉತ್ತರ: ಮಳೆಯನ್ನು ಬಿಡಿ. ಉನ್ನತ ತಂತ್ರಜ್ಞಾನದ ಪಕ್ಕದಲ್ಲೇ ಹೀನಾಯ ಬದುಕು ಇರುವುದು ಈ ಪ್ರಕಾರದ ಜೀವಾಳ, ಅದಕ್ಕೆ ಪರದೇಶದ ಬೀದಿಗಳು ಬೇಕಿಲ್ಲ. ನಿಮ್ಮ ರಾಯಚೂರಿನ ಬಳಿಯೇ, ಕೃಷ್ಣೆಯ ದಡದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ; ಆ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ನಿಮ್ಮ 2070ರಲ್ಲಿ ಅದು ಮುಚ್ಚಿಹೋಗಿರಲಿ, ಹಾರುಬೂದಿಯ ಹೊಂಡಗಳ ಮೇಲೆ ಬಡಾವಣೆ ಎದ್ದಿರಲಿ, ಮೇ ತಿಂಗಳ ನಡುರಾತ್ರಿಯಲ್ಲೂ ಆರದ ಗೋಡೆಗಳ ಕಾವಿನಲ್ಲಿ ಸರ್ವರ್‌ಗಳಿಗೆ ಮಾತ್ರ ತಂಪು ಗಾಳಿ ಸಿಗಲಿ.

ಶಿಕ್ಷೆ ಕಡ್ಡಾಯವಲ್ಲ. ಪೊಲೀಸರು ಬಂದು ಹಿಡಿದೊಯ್ದರೆ ವ್ಯವಸ್ಥೆ ನ್ಯಾಯವಾಗಿದೆ ಎಂದಂತಾಗಿ, ಅಲ್ಲಿಯವರೆಗೆ ನೀವು ಬರೆದದ್ದಕ್ಕೇ ವಿರುದ್ಧವಾಗುತ್ತದೆ. ಅವನು ತಪ್ಪಿಸಿಕೊಂಡು ಹೋಗಲಿ ಬೇಕಾದರೆ. ಆದರೆ ಆ ಹೆಂಗಸಿಗೆ ಅಕ್ಕಿ ಸಿಕ್ಕಿತೋ ಇಲ್ಲವೋ ಎಂಬುದನ್ನು ಬರೆಯದೆ ಕಾದಂಬರಿ ಮುಗಿಸಬೇಡಿ.